ಕೆಟ್ಟ ಕಂಪ್ಯೂಟರಿನಲ್ಲಿ ಕೇಳಿಸಿದ ಕಡೆಯ ಸೊಲ್ಲು

ಕಳೆದ ವರ್ಷ ಆಷಾಢದ ಒಂದು ಭಾನುವಾರ ಮಧ್ಯಾಹ್ನ, ಕುಮಟಾ ಹತ್ತಿರದ ಹೊಳನಗದ್ದೆಯ ಒಂದು ಮನೆಯಲ್ಲಿ, ಶುರುವೇ ಆಗದೆ ಕೂತಿದ್ದ ಕಂಪ್ಯೂಟರಿನಿಂದ ಹಾಡು ಕೇಳಿಸಿತು. ಕೇಳಿದವರು ನಾಲ್ವರು. ಅವರಲ್ಲಿ ನಾನೂ ಒಬ್ಬ.

ಇಂಥ ಕಥೆಗಳನ್ನು ನಾನು ನಂಬುವವನಲ್ಲ. ಪತ್ರಿಕೆಯ ಕಚೇರಿಯಲ್ಲಿ ವರ್ಷಗಟ್ಟಲೆ ಕೂತು, ಬಾವಿಯಿಂದ ದನಿ ಬಂತು, ಮುಚ್ಚಿದ ಬಾಗಿಲು ತಾನೇ ತೆರೆಯಿತು ಎಂಬ ಸುದ್ದಿಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದವನು ನಾನು. ನೋಡಿದವರು ಯಾರು, ಅವರ ಮಾತನ್ನು ಒಪ್ಪುವ ಇನ್ನೊಬ್ಬರು ಯಾರು ಎಂದು ಕೇಳಿದರೆ ಹೆಚ್ಚಿನ ಕಥೆಗಳು ಅಲ್ಲಿಗೇ ಮುಗಿಯುತ್ತವೆ. ಇದು ಮುಗಿಯಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಆ ಮನೆ ನಮ್ಮ ನೆರೆಯದು. ಮನೆಯ ಹಿರಿಯಳು ನಾಗಮ್ಮ. ಗದ್ದೆ ನೆಡುವಾಗ ಹೇಳುವ ಉದ್ದದ ಪದವೊಂದು ಪೂರ್ತಿ ಬರುತ್ತಿದ್ದುದು ನಮ್ಮ ಕೇರಿಯಲ್ಲಿ ಅವಳೊಬ್ಬಳಿಗೇ. ಅವಳು ಸೊಲ್ಲು ಎತ್ತಿಕೊಟ್ಟರೆ ಉಳಿದ ಹೆಂಗಸರು ದನಿಗೂಡಿಸುತ್ತಿದ್ದರು. ಅವಳು ನಿಲ್ಲಿಸಿದರೆ ಎಲ್ಲರದೂ ನಿಲ್ಲುತ್ತಿತ್ತು. ಸೊಸೆ ಮಂಗಲಾ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಊರಿನವರಿಗೆ ಅರ್ಜಿ ತುಂಬಿಕೊಡುತ್ತಾಳೆ. ಮಳೆ ಹಿಡಿಯುವ ಮೊದಲು ಅವಳು ಅತ್ತೆಯನ್ನು ಮೈಕಿನ ಮುಂದೆ ಕೂರಿಸಿ, ದಿನಕ್ಕಷ್ಟರಂತೆ ಪದವನ್ನು ರೆಕಾರ್ಡ್ ಮಾಡತೊಡಗಿದಳು.

ಎಲ್ಲ ಆಯಿತು, ಕಡೆಯ ಸೊಲ್ಲು ಉಳಿಯಿತು. ನೆಟ್ಟಿ ಮಾಡುವಾಗ ಗದ್ದೆಯ ಕಡೆಯ ಮುಷ್ಟಿ ಅಗೆ ಊರಿದ ಮೇಲಷ್ಟೇ ಅದನ್ನು ಹೇಳಬೇಕು. ಸಸಿಯನ್ನು ಮಣ್ಣಿನ ಕೈಗೆ ಒಪ್ಪಿಸಿ, ಮನೆಗೆ ಹೋಗಲು ಅಪ್ಪಣೆ ಕೇಳುವ ಸೊಲ್ಲು ಅದು. ಮಂಗಲಾ ಎಷ್ಟು ಬೇಡಿದರೂ ನಾಗಮ್ಮ ಬಾಯಿ ಬಿಡಲಿಲ್ಲವಂತೆ. "ನಿನ್ನ ಪೆಟ್ಟಿಗೆಗೆ ಕೆಸರು ಎಂತದು ಅಂತ ಗೊತ್ತೇನೆ? ನೆಟ್ಟಿ ಮುಗೀಲಿ, ಹೇಳ್ತೆ. ನಿಂಗೆ ಮದುವೆ ಆಗೂಕೆ ಮುಂಚೆ ಬಾಳಂತನ ಆಗ್ಬೇಕು" ಎಂದು ನಕ್ಕಳಂತೆ.

ಆಗ ಮಂಗಲಾ ಒಂದು ಕೆಲಸ ಮಾಡಿದಳು. ಪದ ಮುಗಿಯದೆ ಅದನ್ನು ಮುಚ್ಚಿಡುವುದು ಸರಿಯಲ್ಲ ಎಂದು ಅವಳಿಗೆ ಅನಿಸಿತು. ಅಷ್ಟೂ ರೆಕಾರ್ಡಿಂಗನ್ನು ಸೇವ್ ಮಾಡದೆ, ಹಾಗೇ ತೆರೆದಿಟ್ಟು, ಕಂಪ್ಯೂಟರನ್ನು ಆರಿಸದೆ ಸ್ಲೀಪ್‌ನಲ್ಲಿ ಮಲಗಿಸಿದಳು. ಇನ್ವರ್ಟರ್ ಇತ್ತು, ಕರೆಂಟು ಹೋದರೂ ಭಯವಿರಲಿಲ್ಲ.

ನೆಟ್ಟಿ ಶುರುವಾಗುವ ಮೊದಲೇ ನಾಗಮ್ಮನಿಗೆ ಲಕ್ವ ಹೊಡೆಯಿತು. ಬಲಭಾಗ ಸ್ವಾಧೀನ ತಪ್ಪಿತು, ಮಾತು ಹೋಯಿತು. ಮಂಗಲಾ ಅತ್ತೆಯ ಜೊತೆ ಆಸ್ಪತ್ರೆಯಲ್ಲಿದ್ದಾಗ ಗಾಳಿಗೆ ಕಂಬ ಬಿದ್ದು ಊರಿಗೆ ಕರೆಂಟೇ ಇಲ್ಲವಾಯಿತು. ಇನ್ವರ್ಟರೂ ಸತ್ತಿತು. ಅತ್ತೆಯನ್ನು ಕರೆದುಕೊಂಡು ಮನೆಗೆ ಬಂದು, ಕರೆಂಟು ಬಂದ ಮೇಲೆ ಕಂಪ್ಯೂಟರ್ ಹಾಕಿದರೆ, ರಿಪೇರಿ ಆಗುತ್ತಿದೆ ಎಂದು ತೋರಿಸಿ ಆರಿಹೋಗುವುದು, ಮತ್ತೆ ಹೊತ್ತಿಕೊಳ್ಳುವುದು, ಮತ್ತೆ ಅದೇ ಮಾತು.

ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನಲ್ಲವೇ ಎಂದು ಆ ಭಾನುವಾರ ಮಂಗಲಾ ನನ್ನನ್ನು ಕರೆದಳು. ನನಗೆ ಗೊತ್ತಿರುವುದು ಸುದ್ದಿ ತಿದ್ದುವುದಷ್ಟೇ. ಭಟ್ಕಳದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಇಮ್ತಿಯಾಜ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಅವನು ಹೇಳಿದಂತೆ ರಿಕವರಿಯ ನೀಲಿ ಪರದೆಗೆ ಹೋದೆ. ಸ್ಟಾರ್ಟಪ್ ರಿಪೇರ್ ಒತ್ತಿದೆ, ಆಗಲಿಲ್ಲ. ಸಿಸ್ಟಮ್ ರಿಸ್ಟೋರ್‌ಗೆ ಹೋದರೆ ಹಿಂದಿನ ಯಾವ ಸ್ಥಿತಿಯೂ ಉಳಿಸಿಟ್ಟಿಲ್ಲ ಎಂದಿತು. ಸೇಫ್ ಮೋಡ್ ಕೂಡ ತೆರೆಯಲಿಲ್ಲ.

"ಇನ್ನು ರೀಸೆಟ್ ಒಂದೇ ಸರ್" ಎಂದ ಇಮ್ತಿಯಾಜ್. "ಫೈಲ್ ಉಳಿಸು ಅಂತ ಒತ್ತಿದ್ರೆ ಫೋಟೋ, ಕಾಗದ ಎಲ್ಲ ಉಳೀತದೆ. ಆದ್ರೆ ಸೇವ್ ಮಾಡದೇ ಇಟ್ಟಿದ್ದು ಹೋಗ್ತದೆ. ಸೇವ್ ಯಾಕೆ ಮಾಡ್ಲಿಲ್ಲ ಅಕ್ಕ ನೀವು?"

"ಮುಗಿದಿರ್ಲಿಲ್ಲ ಅಲಾ" ಎಂದಳು ಮಂಗಲಾ.

"ಯಾ ಅಲ್ಲಾ!" ಎಂದ ಅವನು.

ಮಂಗಲಾ ನನ್ನ ಮುಖ ನೋಡಿದಳು. "ಎಂತ ಮಾಡೂದು ಅಣ್ಣ? ಅತ್ತೆ ಬಾಯಿಂದ ಇನ್ನು ಬರೂದಿಲ್ಲ. ಇದ್ದದ್ದು ಅದ್ರಲ್ಲೇ." ಪಕ್ಕದ ಮಂಚದ ಮೇಲೆ ನಾಗಮ್ಮ ಕಣ್ಣು ತೆರೆದು ಮಲಗಿದ್ದಳು.

ನಾನು ಏನನ್ನೂ ಒತ್ತಿರಲಿಲ್ಲ. ಕೈ ಮೌಸಿನಿಂದ ದೂರವೇ ಇತ್ತು. ನೀಲಿ ಪರದೆಯ ಮೇಲೆ ಅದೇ ಆಯ್ಕೆಗಳಿದ್ದವು. ಆಗ ಮಾನಿಟರಿನ ಪಕ್ಕದ ಸ್ಪೀಕರಿನಿಂದ ನಾಗಮ್ಮನ ದನಿ ಬಂತು. ಗೊರಗೊರ ಇರಲಿಲ್ಲ, ದನಿ ತುಂಡಾಗಲೂ ಇಲ್ಲ. ಗದ್ದೆಯ ಬದುವಿನ ಮೇಲೆ ನಿಂತವರಿಗೆ ಕೇಳಿಸುವ ಹಾಗೆ, ಗಂಟಲು ಬಿಟ್ಟು ಹೇಳುತ್ತಿದ್ದಳು. ನಾನು ತಿರುಗಿ ಮಂಚದ ಕಡೆ ನೋಡಿದೆ. ಅವಳ ತುಟಿ ಮುಚ್ಚಿತ್ತು. ಎಡಗೈಯ ಬೆರಳುಗಳು ಮಾತ್ರ ಚಾದರದ ಮೇಲೆ ಒಂದೇ ಸಮ ಊರಿ ಏಳುತ್ತಿದ್ದವು.

"ಇದು ಕಡೆ ಸೊಲ್ಲು" ಎಂದಳು ಮಂಗಲಾ. "ಇದನ್ನ ನಾನು ರೆಕಾರ್ಡೇ ಮಾಡ್ಲಿಲ್ಲ."

ಫೋನಿನಿಂದ ಇಮ್ತಿಯಾಜ್ ಕೇಳಿದ: "ಸರ್, ಹಿಂದೆ ಯಾರು ಹಾಡೂದು? ಕಂಪ್ಯೂಟರ್ ಸತ್ತ ಮನೇಲಿ ಹಾಡು ಬೇರೆ!"

ನಾನು ಹೇಳಿದೆ. ಅವನು ನಗುವುದನ್ನು ನಿಲ್ಲಿಸಿ, ಆ ಪರದೆಯಲ್ಲಿ ಶಬ್ದ ಬರುವ ವ್ಯವಸ್ಥೆಯೇ ಇರುವುದಿಲ್ಲ, ಇನ್ನೊಮ್ಮೆ ಸರಿಯಾಗಿ ನೋಡಿ ಎಂದ. ನೋಡಿದೆ. ಮಂಗಲಾಳ ಮೊಬೈಲು ಚಾರ್ಜಿಲ್ಲದೆ ಆರಿತ್ತು. ಟಿವಿ ಬಂದ್ ಆಗಿತ್ತು. ಸ್ಪೀಕರಿಗೆ ಕಿವಿ ಹಚ್ಚಿದೆ, ದನಿ ಅಲ್ಲಿಂದಲೇ ಬರುತ್ತಿತ್ತು. ಸೊಲ್ಲು ಮುಗಿಯಿತು. ಪರದೆ ಕಪ್ಪಾಯಿತು. ಮತ್ತೆ ಹಾಕಿದಾಗ, ಡಿಸ್ಕೇ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ನಾವು ಏನೇ ಮಾಡಿದರೂ ಆ ಸಾಲು ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ನಾಗಮ್ಮನ ಮಗ ಗಣಪತಿ ಗದ್ದೆಯಿಂದ ಬಂದ. ಅಂಗಳದಲ್ಲಿ ಕಾಲಿನ ಕೆಸರು ತೊಳೆಯುತ್ತಲೇ ಕೂಗಿದ: "ಆತು. ಈಗಷ್ಟೇ ಕಡೆ ಮುಷ್ಟಿ ಊರಿ ಬಂದೆ."

ಪದ ಯಾರು ಹೇಳಿದರು ಎಂದು ಕೇಳಿದೆ.

"ಹೇಳೂಕೆ ಯಾರಿದ್ದಾರೆ? ಬಾಯಿ ಕಟ್ಟಿಕೊಂಡೇ ನೆಟ್ಟದ್ದು. ಹೆಂಗಸ್ರು ಕಣ್ಣೊರೆಸ್ತಾ ಮನೆಗೆ ಹೋದ್ರು."

ಮಂಗಲಾ ಅವನಿಗೆ ನಡೆದದ್ದನ್ನು ಹೇಳಿದಳು. ಅವನು ನನ್ನ ಕಡೆ ನೋಡಿದ. ಹೌದು ಎಂದೆ. ಕಾಲು ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು, ಕೆಸರುಗಾಲಲ್ಲೇ ಒಳಗೆ ಹೋಗಿ ಅವ್ವನ ಮಂಚದ ಹತ್ತಿರ ಕೂತ.

ಮರುದಿನ ಡಿಸ್ಕನ್ನು ಬಿಚ್ಚಿಸಿಕೊಂಡು ನಾನೇ ಭಟ್ಕಳಕ್ಕೆ ಒಯ್ದೆ. ಇಮ್ತಿಯಾಜ್ ಅದನ್ನು ಬಹಳ ದಿನ ಇಟ್ಟುಕೊಂಡ. ಮದುವೆಯ ಫೋಟೋಗಳು ಸಿಕ್ಕವು, ಊರಿನವರ ಅರ್ಜಿಗಳು ಸಿಕ್ಕವು. ಪದ ಸಿಗಲಿಲ್ಲ, ಮೊದಲ ಸೊಲ್ಲೂ ಇಲ್ಲ. ತಾನು ಫೋನಿನಲ್ಲಿ ಹೆಂಗಸಿನ ದನಿ ಕೇಳಿದ್ದು ನಿಜ ಎಂದು ಅವನು ಈಗಲೂ ಹೇಳುತ್ತಾನೆ. ಅದು ಹೇಗೆ ಬಂತೆಂದು ಕೇಳಿದರೆ ಗೊತ್ತಿಲ್ಲವೆಂದು ತಲೆಯಾಡಿಸುತ್ತಾನೆ.

ಅಂದು ಕೇಳಿದ ಸೊಲ್ಲನ್ನು ಬರೆದಿಡಲು ಮಂಗಲಾ ಹಲವು ಸಲ ಕೂತಳು. "ಕಿವಿಲಿ ಅದೆ ಅಣ್ಣ. ಬಾಯಿಗೆ ಬರೂದಿಲ್ಲ" ಎನ್ನುತ್ತಾಳೆ.

ಹೊಸ ಡಿಸ್ಕ್ ಹಾಕಿಸಿದ್ದಾರೆ. ಕಂಪ್ಯೂಟರ್ ನಡೆಯುತ್ತಿದೆ. ಈ ವರ್ಷದ ಅಗೆ ಎದ್ದಿದೆ, ಮುಂದಿನ ವಾರ ನೆಟ್ಟಿ. ನಾಗಮ್ಮನಿಗೆ ಮಾತು ಬಂದಿಲ್ಲ.