ಸ್ಟುಡಿಯೊ ಮಾಮ ಅಳಿಸಿದ ಗಾಯ

ಸ್ಟುಡಿಯೊ ಮಾಮನ ಕೆಳತುಟಿಯ ಅಂಚಿನಲ್ಲಿ ಹುಣಸೆ ಬೀಜದಷ್ಟು ದೊಡ್ಡ ಬಿಳಿ ಕಲೆಯಿತ್ತು. ಕಂಪ್ಯೂಟರಿನ ಮುಂದೆ ಕುಳಿತಾಗ ಕೆಲಸ ಕೈಕೊಟ್ಟರೆ ಹೆಬ್ಬೆರಳಿನಿಂದ ಅದನ್ನೇ ಉಜ್ಜುತ್ತಿದ್ದರು. ತಲ್ಲೂರಿನ ಹೆದ್ದಾರಿ ಬದಿಯ ಅವರ ಸ್ಟುಡಿಯೊಗೆ ಮದುಮಕ್ಕಳಿಗಿಂತ ಸತ್ತವರ ಫೋಟೊಗಳೇ ಹೆಚ್ಚು ಬರುತ್ತಿದ್ದವು. ಉತ್ತರಕ್ರಿಯೆಯ ದಿನ ಹಾರ ಹಾಕಲು ಚೆಂದದ ಫೋಟೊ ಬೇಕಲ್ಲ! ಬದುಕಿಡೀ ಬನಿಯನ್ನಿನಲ್ಲೇ ಕಳೆದವನಿಗೂ ಮನೆಯವರು ಕೋಟು ಕೇಳುತ್ತಿದ್ದರು. "ಹೋಪತ್ತಿಗಾರೂ ಕೋಟ್ ಹಾಕ್ಕಂಡ್ ಹೋಯ್ಲಿ" ಎಂದು ಮಾಮ ಫೋಟೊದಲ್ಲೇ ತೊಡಿಸಿ ಕಳಿಸುತ್ತಿದ್ದರು.

ಐವತ್ತು ದಾಟಿದ ಮೇಲೆ ವಿಡಿಯೊ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಮುಖದ ಕಲೆ ತೆಗೆಯುವ ಪ್ರೋಗ್ರಾಂ ಒಂದನ್ನು ತಾವೇ ಬರೆದಿದ್ದರು. ಅದರ ಹೆಮ್ಮೆ ಇಷ್ಟಿಷ್ಟಲ್ಲ. ಚಾ ಕುಡಿಯಲು ಬಂದವರನ್ನೂ ಕೂರಿಸಿ ತೋರಿಸುತ್ತಿದ್ದರು.

ನನ್ನ ಅಪ್ಪಯ್ಯ ಬೋಟಿನಲ್ಲೇ ಎದೆನೋವು ಬಂದು ತೀರಿಕೊಂಡಾಗ ಅಮ್ಮ ಅಪ್ಪಯ್ಯನ ಫೋನನ್ನು ಮಾಮನ ಕೈಗಿತ್ತಳು. ಅಪ್ಪಯ್ಯನ ಎಡ ಹುಬ್ಬನ್ನು ಸೀಳಿದ ಒಂದು ಗಾಯದ ಗುರುತಿತ್ತು, ಬೋಟಿನ ಹಗ್ಗ ಹೊಡೆದದ್ದು. ಆ ಗುರುತಿದ್ದ ಫೋಟೊ ಎಂದರೆ ಫೋನಿನಲ್ಲಿದ್ದ ಒಂದೇ ಒಂದು; ಆಧಾರ್ ಕಾರ್ಡಿನದು ಅದಕ್ಕೂ ಹಿಂದಿನದು. ಹಾರ ಹಾಕುವ ಫೋಟೊದಲ್ಲಿ ಗಾಯ ಕಾಣಬಾರದೆಂದು ಚಿಕ್ಕಪ್ಪನ ಹಟ.

"ತೆಗಿನಿ ಅಣ್ಣ, ಆರೆ ಒಂದ್ ಫೋಟೊ ಹಾಂಗೇ ಇರ್ಲಿ. ಆ ಗಾಯಕ್ಕೆ ಅರ್ಶಿನ ಹಚ್ಚಿದ್ದ್ ನಾನ್" ಎಂದು ಅಮ್ಮ ಮಾಮನಿಗೆ ಹೇಳಿದಳು.

ಮಾಮ ಒಪ್ಪಿದರು. ಕಂಪ್ಯೂಟರಿಗೆ ಫೋಟೊ ಎಂದರೆ ಅಂಕಿಗಳ ಒಂದು ದೊಡ್ಡ ಕೋಷ್ಟಕ. ಅದರಿಂದ ಮುಖದ ಚೌಕವನ್ನು ತೆಗೆದುಕೊಂಡು ಗಾಯ ಅಳಿಸಿದರು. ಆದರೆ ಹಾಗೆ ತೆಗೆದ ಚೌಕ ಬೇರೆಯಾಗುವುದಿಲ್ಲ, ಅದೇ ಕೋಷ್ಟಕವನ್ನು ನೋಡುವ ಕಿಟಕಿಯಷ್ಟೆ. ಬೇರೆಯೇ ಬೇಕಿದ್ದರೆ ಕಾಪಿ ಮಾಡು ಎಂದು ಪ್ರೋಗ್ರಾಮಿನಲ್ಲಿ ಬಿಡಿಸಿ ಬರೆಯಬೇಕು. ಅವರು ಬರೆದಿರಲಿಲ್ಲ. ಗಾಯವಿರುವ ಮೂಲವೆಂದು ತಿಳಿದು ಹಳೆಯ ಫೈಲಿನ ಮೇಲೆಯೇ ಉಳಿಸಿಟ್ಟ ಫೋಟೊದಲ್ಲೂ ಗಾಯ ಹೋಗಿತ್ತು. ಅದು ಗೊತ್ತಾಗಿ ಫೋನಿನಿಂದ ಮತ್ತೆ ತೆಗೆಯೋಣವೆಂದರೆ, ಮೊದಲೇ ಉಪ್ಪುನೀರು ಕುಡಿದಿದ್ದ ಫೋನು ಅಷ್ಟರಲ್ಲಿ ಪೂರಾ ಕೆಟ್ಟು ಕುಳಿತಿತ್ತು.

"ನಾನ್ ಕತ್ರಿ ಕಾಲ್ದವ ಮಗಾ. ಕತ್ರ್ಸಿರೆ ಬೇರೆ ಆತ್ ಅಂದೇಳಿ ಮಾಡಿದೆ" ಎಂದು ಮಾಮ ನನ್ನೆದುರು ಅತ್ತರು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ.

ಆಮೇಲೆ ಅವರು ನಮ್ಮ ಮನೆಯ ಕಡೆ ತಲೆಹಾಕಲಿಲ್ಲ. ನನ್ನನ್ನು ಮಾತ್ರ ಕರೆದು, ಅದೇ ಕಂಪ್ಯೂಟರಿನಲ್ಲಿ ಗೊತ್ತಿದ್ದದ್ದನ್ನೆಲ್ಲ ಕಲಿಸಿದರು. "ಕಾಪಿ ಮಾಡ್ದೆ ಕೈ ಹಾಕ್ಬೇಡ ಮಗಾ" ಎಂಬುದು ಪ್ರತಿ ಪಾಠದ ಮೊದಲ ಮಾತು. ಬ್ರಹ್ಮಾವರದಲ್ಲಿ ಇವತ್ತು ಕಂಪ್ಯೂಟರ್ ಕೆಲಸ ಮಾಡಿ ನಾನು ಉಣ್ಣುವ ಅನ್ನ ಆ ಕಲಿಕೆಯದ್ದು.

ಹೋದ ತಿಂಗಳು ಮಾಮ ಹೋದರು. ಅವರ ಹೆಂಡತಿ ಫೋಟೊ ಕೊಟ್ಟು, "ಆ ಬೆಳಿ ಕಲೆ ಒಂದ್ ತೆಗಿ ಮಗಾ" ಎಂದರು. ಮೊದಲು ಕಾಪಿ ಮಾಡಿದೆ. ಎರಡನ್ನೂ ತೆರೆದು ನೋಡಿದೆ. ಆಮೇಲೆ ತೆಗೆದೆ. ಉತ್ತರಕ್ರಿಯೆಯ ದಿನ ಹಾರದ ನಡುವೆ ಕೋಟು ಹಾಕಿ ಕುಳಿತವರು ಯಾರೋ ಬೇರೆಯವರಂತೆ ಕಂಡು ನನಗೆ ಅಳು ಬಂತು.

ಮನೆಗೆ ಬಂದು ಅಮ್ಮನಿಗೆ ಮೂಲ ಫೋಟೊ ತೋರಿಸಿದೆ. ಅವಳು ಆ ತುಟಿಯ ಕಲೆಯ ಮೇಲೆ ಬೆರಳಿಟ್ಟು ನೋಡಿದಳು.

"ಅಣ್ಣನ್ ಕಲೆಯಾರೂ ಉಳ್ಕಂಡಿತ್" ಎಂದಳು.