ಹಲ್ಲಿನ ಬೇರು ತೊಳೆಯುವ ನೀರಿಗೆ ಯಮುನಮ್ಮನ ಕಾವಲು

ಬೆಳಗಿನ ಆರೂ ಮುಕ್ಕಾಲು. ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಾಲಿನ ಅಂಗಡಿಯೊಂದೇ ತೆರೆದಿದೆ. ಅದರ ಮೇಲಿನ ಮಹಡಿಯ ದಂತ ಚಿಕಿತ್ಸಾಲಯದಲ್ಲಿ ಯಮುನಮ್ಮ ದಪ್ಪ ಗ್ಲೌಸ್ ಹಾಕಿಕೊಂಡು ಕೆಲಸಕ್ಕೆ ನಿಂತಿದ್ದಾರೆ. ಪಕ್ಕದಲ್ಲಿ, ದೊಡ್ಡ ಕುಕ್ಕರಿನಂಥ ಆಟೋಕ್ಲೇವ್‌ನಲ್ಲಿ ಉಪಕರಣಗಳು ಹಬೆಯಲ್ಲಿ ಬೇಯುತ್ತಿವೆ. ಅದು ಮುಗಿಯುವುದರೊಳಗೆ ಅವರು ಕಂದು ಬಾಟಲಿಯೊಂದನ್ನು ಬಗ್ಗಿಸಿ ಬ್ಲೀಚಿನ ವಾಸನೆಯ ದ್ರಾವಣವನ್ನು ಅಳೆದು ಸುರಿಯುತ್ತಾರೆ, ಅಳೆದೇ ನೀರು ಬೆರೆಸುತ್ತಾರೆ. ಆಮೇಲೆ ಬೆರಳಗಲದ ನೀಲಿ ಬಟ್ಟೆಯ ಚೂರೊಂದನ್ನು ಅದರಲ್ಲಿ ಅದ್ದಿ ಗಡಿಯಾರ ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ನೀಲಿ ಬಿಳುಚಿಕೊಳ್ಳುತ್ತದೆ.

"ಇವತ್ತಿಂದು ಸರಿ ಐತೆ" ಎಂದು ದಿನಾಂಕದ ಚೀಟಿ ಅಂಟಿಸುತ್ತಾರೆ.

ಈ ದ್ರಾವಣಕ್ಕೆ ಇಲ್ಲಿ ಎಲ್ಲರೂ ಹೈಪೋ ಎನ್ನುತ್ತಾರೆ. ಹುಳುಕು ಆಳಕ್ಕೆ ಇಳಿದು ಹಲ್ಲಿನ ನರ ಸತ್ತರೆ, ಕೂದಲೆಳೆಯಂಥ ಬೇರಿನ ನಾಳದ ತುಂಬ ಸೋಂಕು ಸೇರಿಕೊಳ್ಳುತ್ತದೆ. ಆ ನಾಳವನ್ನು ಸೂಜಿಯಂಥ ಫೈಲುಗಳಿಂದ ಕೆರೆದು, ತೊಳೆದು, ಮುಚ್ಚುವುದೇ ರೂಟ್ ಕೆನಾಲ್. ಫೈಲು ನಾಳದ ಮುಖ್ಯ ದಾರಿಯಲ್ಲಷ್ಟೇ ಇಳಿಯುತ್ತದೆ. ಅಡ್ಡ ಕವಲುಗಳಲ್ಲಿ ಅಡಗಿದ ಕ್ರಿಮಿಗಳನ್ನು ಮುಟ್ಟಲು ಹೈಪೋವೇ ಬೇಕು. "ಕೆರೆಯೋದು ಅರ್ಧ ಕೆಲಸ. ಉಳಿದರ್ಧ ತೊಳೆಯೋದರಲ್ಲಿದೆ. ಆ ಅರ್ಧ ಯಮುನಮ್ಮನ ಕೈಯಲ್ಲಿ ತಯಾರಾಗುತ್ತೆ" ಎನ್ನುತ್ತಾರೆ ಚಿಕಿತ್ಸಾಲಯದ ವೈದ್ಯೆ ಡಾ. ಶ್ರೀರಂಜಿನಿ.

ಯಮುನಮ್ಮನಿಗೆ ಈಗ ನಲವತ್ತಾರು. ಊರು ಬಳ್ಳಿಗಾವಿ. ಎಸ್ಸೆಸ್ಸೆಲ್ಸಿ ಓದಿದ್ದಾರೆ. ಹದಿನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ನೆಲ ಒರೆಸುವ ಕೆಲಸಕ್ಕೆ. ಫೈಲುಗಳ ಹಿಡಿಯ ಬಣ್ಣ ಅವರ ಕಣ್ಣಿಗೆ ಬಿತ್ತು. ಬಿಳಿ, ಹಳದಿ, ಕೆಂಪು, ನೀಲಿ, ಹಸಿರು, ಕಪ್ಪು: ತೆಳ್ಳಗಿನಿಂದ ದಪ್ಪಕ್ಕೆ ಅದೇ ಸಾಲು. ಒಂದು ದಿನ ಸಹಾಯಕಿ ರಜೆ ಹಾಕಿದಾಗ, ಡಾಕ್ಟರು ಕೈ ಚಾಚುವ ಮೊದಲೇ ಸರಿಯಾದ ಫೈಲು ಕೊಟ್ಟರು. "ಬಳೆ ಅಂಗಡ್ಯಾಗ ಕೈ ನೋಡಿ ಅಳತೆ ಹೇಳಲ್ವಾ, ಹಂಗೆ ಇಲ್ಲಿ ಬಣ್ಣ ನೋಡಿದ್ರೆ ಸಾಕು ಅನ್ನಿಸ್ತು" ಎನ್ನುತ್ತಾರೆ. ಅಂದಿನಿಂದ ಕೆಲಸ ಬದಲಾಯಿತು.

ದಿನಕ್ಕೆ ನಾಲ್ಕೈದು ರೂಟ್ ಕೆನಾಲ್. ಒಂದೊಂದಕ್ಕೂ ಬೇರೆ ಟ್ರೇ. ಹೈಪೋ ತುಂಬಿದ ಸಿರಿಂಜಿಗೆ ಕೆಂಪು ಟೇಪು, ಮರಗಟ್ಟಿಸುವ ಮದ್ದನ್ನು ಇಡುವುದು ಬೇರೆಯದೇ ಟ್ರೇಯಲ್ಲಿ. ಎರಡೂ ನೋಡಲು ನೀರಿನಂತೆ, ಅದಲುಬದಲಾದರೆ ಬಾಯಿ ಸುಟ್ಟುಹೋಗುತ್ತದೆ. ಗ್ಲೌಸಿನ ಶಿಸ್ತಿಲ್ಲದ ಮೊದಲ ವರ್ಷಗಳಲ್ಲಿ ಅವರ ಬೆರಳ ತುದಿಯ ಚರ್ಮ ಸುಲಿದಿತ್ತು. ಈಗಲೂ ಬಲಗೈ ಹೆಬ್ಬೆರಳು ಒರಟು. ಎಂಟು ತಾಸು ನಿಂತೇ ಇರುವುದರಿಂದ ಮೊಣಕಾಲು ನೋವು ಬೇರೆ. ಮಂಗಳವಾರ, ಗುರುವಾರ ಡಾಕ್ಟರು ಸೊರಬದಲ್ಲಿ ನಡೆಸುವ ಚಿಕ್ಕ ಚಿಕಿತ್ಸಾಲಯಕ್ಕೂ ಇವರೇ ಹೋಗಬೇಕು.

ಎಡವಟ್ಟು ಬಯಲಾದದ್ದು ಆ ಸೊರಬದಲ್ಲೇ, ಹೋದ ವರ್ಷ ಏಪ್ರಿಲ್‌ನಲ್ಲಿ.

ಐದು ವಾರದಲ್ಲಿ ಮೂವರು ರೋಗಿಗಳು ಊದಿದ ಕೆನ್ನೆ ಹಿಡಿದು ವಾಪಸು ಬಂದರು. ಮೂವರೂ ಸೊರಬದಲ್ಲಿ ರೂಟ್ ಕೆನಾಲ್ ಮಾಡಿಸಿಕೊಂಡವರು. ಶಿಕಾರಿಪುರದವರಿಗೆ ಏನೂ ಆಗಿರಲಿಲ್ಲ. ಡಾಕ್ಟರು ಎಕ್ಸ್‌ರೇಗಳನ್ನು ಮತ್ತೆ ಮತ್ತೆ ನೋಡಿದರು, ಫೈಲು ಬದಲಿಸಿದರು. ತಮ್ಮ ಕೈಯಲ್ಲೇ ತಪ್ಪಿದೆಯೇನೋ ಎಂದು ಚಿಂತೆಗೆ ಬಿದ್ದರು.

ಒಂದು ಗುರುವಾರ ಸೊರಬದಲ್ಲಿ ಸಿರಿಂಜು ತುಂಬುವಾಗ ಯಮುನಮ್ಮನ ಕಡುನೀಲಿ ಸೀರೆಯ ಮೇಲೆ ಹೈಪೋ ಚೆಲ್ಲಿತು. ಬಟ್ಟೆ ಹಾಳಾಯಿತೆಂದುಕೊಂಡು ಮನೆಗೆ ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಸೀರೆಯ ಮೇಲೆ ಒಂದು ಬಿಳಿ ಚುಕ್ಕೆಯೂ ಇಲ್ಲ.

"ಸೀರೆ ಉಳೀತು ಅಂತ ಖುಷಿ ಆಗ್ಬೇಕಿತ್ತು. ಹೆದರಿಕೆ ಆತು ನಂಗೆ" ಎನ್ನುತ್ತಾರೆ.

ಅದೇ ಸೀರೆಯ ಅಂಚಿನಿಂದ ಎರಡು ಚೂರು ಕತ್ತರಿಸಿದರು. ಒಂದನ್ನು ಶಿಕಾರಿಪುರದ ಹೈಪೋದಲ್ಲಿ ಅದ್ದಿದರು, ಅದು ಬಿಳುಚಿತು. ಮುಂದಿನ ಮಂಗಳವಾರ ಸೊರಬದ ಬಾಟಲಿಯಲ್ಲಿ ಇನ್ನೊಂದನ್ನು ಅದ್ದಿದರು, ಅದು ಹಾಗೇ ಉಳಿಯಿತು. ಕಾರಣ ಹುಡುಕಲು ಬೇರೆಲ್ಲೂ ಹೋಗಬೇಕಿರಲಿಲ್ಲ. ಫೆಬ್ರವರಿಯಲ್ಲಿ ಅಲ್ಲಿನ ಕಪಾಟಿಗೆ ಗೆದ್ದಲು ಹಿಡಿದಾಗ ಬಾಟಲಿಗಳನ್ನು ಕಿಟಕಿಯ ಹಲಗೆಗೆ ಎತ್ತಿಟ್ಟವರು ಇವರೇ. ಕೆಲಸ ಹಗುರಾಗಲಿ ಎಂದು ಎರಡು ವಾರಕ್ಕಾಗುವಷ್ಟು ಒಟ್ಟಿಗೇ ಬೆರೆಸಿ, ಬಣ್ಣವಿಲ್ಲದ ಬಾಟಲಿಗೆ ತುಂಬಿದವರೂ ಇವರೇ. ಮಧ್ಯಾಹ್ನದ ಬಿಸಿಲು ನೇರ ಬಿದ್ದು ಹೈಪೋ ಸತ್ವ ಕಳೆದುಕೊಂಡಿತ್ತು.

ಆಗ ಡಾಕ್ಟರು ಇನ್ನೂ ಬಂದಿರಲಿಲ್ಲ, ಯಮುನಮ್ಮ ಒಬ್ಬರೇ ಇದ್ದರು. "ಸುಮ್ನೆ ಚೆಲ್ಲಿ ಹೊಸದು ತುಂಬಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ರೀ. ಬಚ್ಚಲ ತನಕ ಬಾಟ್ಲಿ ಒಯ್ದಿದ್ದೆ. ಆದ್ರೆ ತೊಳೆಸ್ಕೊಂಡು ಹೋದ ಜನ ಇದ್ರಲ್ಲ, ಅವ್ರ ಹಲ್ಲಿನೊಳಗೆ ಇರೋದನ್ನ ಚೆಲ್ಲೋಕೆ ಆಗ್ತದಾ?"

ಡಾಕ್ಟರು ಬಂದ ಕೂಡಲೇ ಬಾಟಲಿ, ಬಟ್ಟೆ ಚೂರು ಎರಡನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದರು. ಕೆಲಸ ಹೋಗುತ್ತದೆ ಎಂದೇ ನಂಬಿದ್ದರು. ಶ್ರೀರಂಜಿನಿ ಬಟ್ಟೆ ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಬಾಟ್ಲಿ ಎಲ್ಲಿಟ್ಟಿದ್ದೀರಿ ಅಂತ ನಾನೂ ಒಂದು ದಿನ ಕೇಳಲಿಲ್ಲ ಯಮುನಮ್ಮ. ಫೆಬ್ರವರಿಯಿಂದ ಬಂದೋರ ಹೆಸರು ತೆಗೀರಿ" ಎಂದರು.

ಹತ್ತೊಂಬತ್ತು ಹೆಸರುಗಳಿದ್ದವು. ಎಲ್ಲರಿಗೂ ಫೋನ್ ಮಾಡಿ, ತಪ್ಪು ನಮ್ಮದು, ಮತ್ತೊಮ್ಮೆ ಬಂದು ತೋರಿಸಿ ಎಂದು ಕರೆದರು. ಊತ ಬಂದಿದ್ದ ಮೂವರಲ್ಲಿ ಒಬ್ಬರಾದ ಶಿಕ್ಷಕಿ ಶ್ರೀಲತಾ ಅಷ್ಟರಲ್ಲೇ ಬೇರೆ ಕಡೆ ಹಲ್ಲು ಕೀಳಿಸಿಕೊಂಡಿದ್ದರು. "ಅವ್ರು ಬೈಲಿಲ್ಲ. 'ಮೊದ್ಲೇ ಹೇಳಬಾರದಿತ್ತಾ' ಅಂದ್ರು ಅಷ್ಟೇ. ಅದು ಇವತ್ತಿಗೂ ಕಿವ್ಯಾಗ ಐತೆ" ಎನ್ನುತ್ತಾರೆ ಯಮುನಮ್ಮ.

ಊತ ಬಂದಿದ್ದ ಇನ್ನೊಬ್ಬರು ಸೊರಬ ತಾಲ್ಲೂಕಿನ ಉಳವಿಯ ರೈತ ಮಾರಪ್ಪ. ಅವರು ಫೋನ್ ಎತ್ತಲೇ ಇಲ್ಲ. ಭಾನುವಾರ ಯಮುನಮ್ಮ ಎರಡು ಬಸ್ಸು ಬದಲಿಸಿ ಅವರ ಮನೆಗೇ ಹೋದರು. ಮಾರಪ್ಪ ಕೆನ್ನೆಗೆ ಟವಲ್ ಸುತ್ತಿಕೊಂಡು ಜಗುಲಿಯಲ್ಲಿ ಕೂತಿದ್ದರು.

"ಎಂತಕ್ಕೆ ಬಂದೆ ಮಾರಾಯ್ತಿ? ನಾಳೆ ಕೀಳಿಸ್ತೀನಿ ಅದನ್ನ. ಸಾಕಾಗಿದೆ."

"ಹಲ್ಲಿಂದು ತಪ್ಪಿಲ್ಲ ಯಜಮಾನ್ರೇ, ಡಾಕ್ಟ್ರಿಂದೂ ಅಲ್ಲ. ತೊಳಿಯೋ ಔಷಧಿ ನಾನು ಬಿಸಿಲಿಗಿಟ್ಟು ಕೆಡಿಸಿದ್ದೆ. ಒಂದು ಸಲ ಸರಿಯಾಗಿ ತೊಳಿಯೋಕೆ ಬಿಡ್ರಿ. ಆಮೇಲೂ ವಾಸಿ ಆಗದಿದ್ರೆ ಕೀಳಿಸ್ರಿ."

ಮಾರಪ್ಪ ಕೆನ್ನೆಯ ಟವಲ್ ಬಿಚ್ಚಿ ಪಕ್ಕಕ್ಕಿಟ್ಟರಂತೆ. "ಇದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ?" ಎಂದು ಕೇಳಿ, ಒಳಗಿನಿಂದ ಕಾಫಿ ತರಿಸಿದರು. ಮಂಗಳವಾರ ಸೊರಬಕ್ಕೆ ಬಂದರು.

ಡಾಕ್ಟರು ನಾಳವನ್ನು ಮತ್ತೆ ತೆರೆದು, ಹೊಸ ಹೈಪೋದಿಂದ ಅರ್ಧ ಗಂಟೆ ತೊಳೆದರು. ಉಳಿದ ಕ್ರಿಮಿಗಳೂ ಸಾಯಲಿ ಎಂದು ಸುಣ್ಣದಂಥ ಬಿಳಿ ಔಷಧಿ ತುಂಬಿ ಎರಡು ವಾರ ಬಿಟ್ಟು, ಮತ್ತೆ ತೊಳೆದು ನಾಳ ಮುಚ್ಚಿದರು. ಊತ ಇಳಿಯಿತು, ಹಲ್ಲು ಉಳಿಯಿತು. ಆರು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ನೆರಳು ಅರ್ಧಕ್ಕರ್ಧ ಚಿಕ್ಕದಾಗಿತ್ತು. ಉಳಿದವರಲ್ಲಿ, ಊತ ಬಂದಿದ್ದ ಮೂರನೆಯವರೂ ಸೇರಿ, ಆರು ಮಂದಿಗೂ ಹೀಗೆಯೇ ಮತ್ತೆ ಚಿಕಿತ್ಸೆ ನಡೆಯಿತು.

ಈಗ ಎರಡೂ ಕಡೆ ಕಂದು ಬಾಟಲಿಗಳೇ. ಅಂದಂದಿನದನ್ನು ಅಂದಂದೇ ಬೆರೆಸುತ್ತಾರೆ, ಉಳಿದರೆ ಚೆಲ್ಲುತ್ತಾರೆ. ಬಟ್ಟೆಯ ಪರೀಕ್ಷೆ ಯಾವ ಪುಸ್ತಕದ್ದೂ ಅಲ್ಲ. "ಪಕ್ಕಾ ಅಳತೆ ಅಲ್ಲ, ಆದರೆ ಪೂರ್ತಿ ಸತ್ತ ಹೈಪೋ ಇದರಿಂದ ತಪ್ಪಿಸಿಕೊಳ್ಳಲ್ಲ" ಎಂದು ಡಾಕ್ಟರು ಅದನ್ನು ಮುಂದುವರಿಸಿದ್ದಾರೆ. ಹೊಸದಾಗಿ ಸೇರಿದ ಸಹಾಯಕಿ ಮೇಘನಾಗೆ ಯಮುನಮ್ಮ ಮೊದಲು ಕಲಿಸಿದ್ದೂ ಅದನ್ನೇ, ತಮ್ಮ ತಪ್ಪಿನ ಕಥೆಯ ಸಮೇತ.

ನಿಮಗೇನು ಆಸೆ ಎಂದು ಕೇಳಿದರೆ ಯಮುನಮ್ಮ ರೋಗಿಗಳ ಮಾತನ್ನೇ ಎತ್ತುತ್ತಾರೆ. "ಔಷಧಿ ತುಂಬಿ ಕಳಿಸ್ತೀವಿ, ನೋವು ಹೋಗ್ತದೆ. ನೋವು ಹೋದ್ ಮೇಲೆ ಅರ್ಧ ಜನ ಬರೋದೇ ಇಲ್ಲ ರೀ. ನಾಳ ಮುಚ್ಚಿಸ್ಕೊಳ್ಳೋಕೂ ಬಂದ್ರೆ ಸಾಕು, ಇನ್ನೇನು ಬೇಡ."

ಸಂಜೆ ಐದಕ್ಕೆ ಅವರು ಬಂಗಾರಪ್ಪ ಎಂಬ ರೋಗಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಹಲ್ಲು ಆರಾಮಾಗಿದೆ, ಬರುವುದಿಲ್ಲ ಎಂಬ ಮಾತು ಕೇಳಿಸುತ್ತದೆ.

"ನೋವಿಲ್ವಾ? ಒಳ್ಳೇದಾತು. ಆದ್ರೂ ಬುಧವಾರ ಬರ್ರಿ. ಇನ್ನೊಂದು ಸಲ ತೊಳಿಯೋದೈತೆ. ನಾನು ಎಲ್ಲ ತಯಾರು ಇಟ್ಟಿರ್ತೀನಿ."