ಸೊನ್ನೆ ಸುತ್ತಿದ ಚೌಕ

ಬೋರ್ಡಿನ ಎಡಭಾಗದಲ್ಲಿ ಪರೀಕ್ಷೆಯ ವೇಳಾಪಟ್ಟಿ ಇತ್ತು, ಅಳಿಸುವಂತಿರಲಿಲ್ಲ. ಜಾಗ ಸಾಲದೆ ಚೌಕವನ್ನು ಬಲಕ್ಕೆ ಎಳೆದೆ. ಎಳೆದವನು ಹಾಗೇ ನಿಂತುಬಿಟ್ಟೆ. ಥತ್! ಆ ಹುಡುಗಿ ಬರೆದಿದ್ದ ಉತ್ತರ ಇದೇ.

ಲೆಕ್ಕ ಸಣ್ಣದು. ಚೌಕದ ಎರಡು ಮೂಲೆಗಳು (2, 1) ಮತ್ತು (4, 5), ಉಳಿದೆರಡನ್ನು ಕಂಡುಹಿಡಿಯಿರಿ. ಬಸವಕಲ್ಯಾಣದ ನಮ್ಮ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಗೆ ನಾನೇ ಹಾಕಿದ ಪ್ರಶ್ನೆ, ನಾನೇ ಬರೆದಿಟ್ಟ ಉತ್ತರ: (0, 7), (−2, 3). ಹತ್ತನೆಯ ತರಗತಿಯ ಆ ಹುಡುಗಿ (8, 3), (6, −1) ಎಂದಿದ್ದಳು: ನನ್ನದು ಆ ಗೆರೆಯ ಎಡಕ್ಕೆ ಬರುವ ಚೌಕ, ಅವಳದು ಬಲಕ್ಕೆ. ಅರ್ಧ ಗಂಟೆ ಆ ಒಂದಕ್ಕೇ ಕೂತಿದ್ದಳು. ಕೊಠಡಿಯಲ್ಲಿ ಕಾವಲಿದ್ದವನೂ ನಾನೇ, ನೋಡಿದ್ದೆ. ಆದರೂ ಸೊನ್ನೆ ಸುತ್ತಿ, ಪಕ್ಕದಲ್ಲಿ ‘ನಿದ್ದೆಗಣ್ಣಲ್ಲಿ ಬರೆದೆಯಾ?’ ಎಂದು ಕೆಂಪು ಶಾಯಿಯಲ್ಲಿ ಗೀಚಿದ್ದೆ. ಮೂರು ಅಂಕ ಸಾಲದೆ ಫೇಲಾದಳು. ಗಣಿತದಲ್ಲಿ ಹೋದರೆ ಓದು ಸಾಕು ಎಂದು ಅವಳ ಅಪ್ಪ ಮೊದಲೇ ಹೇಳಿದ್ದರಂತೆ. ಇಲ್ಲಿ ಅಜ್ಜಿಯ ಮನೆಯಲ್ಲಿದ್ದವಳನ್ನು ತಮ್ಮೂರು ಹುಮನಾಬಾದಿಗೆ ಕರೆದುಕೊಂಡು ಹೋಗಿದ್ದರು.

ಅಂದು ಶನಿವಾರ. ಸೋಮವಾರ ಬೋರ್ಡ್ ಪರೀಕ್ಷೆ ಶುರು. ಅವಳ ಉತ್ತರಪತ್ರಿಕೆ ಹುಡುಕಿ, ಅಂಕ ತಿದ್ದಿ, ಮಧ್ಯಾಹ್ನದ ಬಸ್ಸು ಹತ್ತಿದೆ. ಪಾಪಿ, ಪಾಪಿ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಧಾನ್ಯದ ಮಾರ್ಕೆಟ್ಟಿನ ಹಿಂದೆ ಅವರ ಮನೆ. ಅಪ್ಪ, ಮಗಳು ಹರಿದ ಗೋಣಿಚೀಲಗಳಿಗೆ ದಬ್ಬಣದಲ್ಲಿ ತೇಪೆ ಹಾಕುತ್ತಿದ್ದರು. ನಾನು ಉತ್ತರಪತ್ರಿಕೆ ತೆರೆದು, ಇದು ಸರಿ ಇದೆ, ನಾಲ್ಕು ಅಂಕ ಕೊಟ್ಟಿದ್ದೇನೆ, ಪಾಸಾಗಿದ್ದಾಳೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅವಳ ಅಪ್ಪ ಕಾಗದ ಮುಟ್ಟಲಿಲ್ಲ. “ಸೊನ್ನಿ ಹಾಕಿದವ್ರೂ ನೀವೇ, ಖರೇ ಅದ ಅನ್ನೋರೂ ನೀವೇ. ನಾ ಯಾವ್ದು ನಂಬ್ಲಿ ಹೇಳ್ರಿ?”

“ತಪ್ಪು ನಂದೇ ರೀ. ನಿಮ್ಮ ಕಾಲಿಗೆ ಬೀಳ್ತೀನಿ, ಪರೀಕ್ಷಾಕ ಕಳಸ್ರಿ.”

“ತೋಬಾ, ತೋಬಾ! ಹಂಗ ಅನಬ್ಯಾಡ್ರಿ ಸರ್. ಚಾ ಕುಡೀರಿ. ಪರೀಕ್ಷಾ ಮಾತು ಮಾತ್ರ ಎತ್ತಬ್ಯಾಡ್ರಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾದರೂ ಆಡುತ್ತಿದ್ದೆ. ಏನು ಮಾಡಲಿ? ಅಂಗಲಾಚಿದೆ, ಅತ್ತೂಬಿಟ್ಟೆ. ಅವರು ತಲೆ ತಗ್ಗಿಸಿ ದಾರ ಎಳೆಯುತ್ತಲೇ ಇದ್ದರು.

ಎದ್ದು ಹೊರಟಾಗ ಹುಡುಗಿ ಬಾಗಿಲಿಗೆ ಬಂದಳು.

“ಮೂರನೇ ಚೌಕನೂ ಅದ ರೀ ಸರ್. ಕೊಟ್ಟಿದ್ದು ಎದುರಾಬದುರು ಮೂಲಿ ಅಂತ ಹಿಡದ್ರ, ನಡುವ ಕೂಡ್ತದ.”

ನನಗೆ ಎರಡೇ ಹೊಳೆದಿದ್ದವು.

“ಮೂರೂ ಗೊತ್ತಿದ್ವು ಅಂದ್ರ ಯಾಕ ಬರೀಲಿಲ್ಲವ್ವ?”

“ಒಂದೇ ಕೇಳಿದ್ರ ಮೂರು ಬರೀತೀಯೇನು ಅಂತ ನೀವು ಬೈತೀರಂತ ಅಂಜಿಕಿ ಆತು ರೀ.”

ಸೋಮವಾರ ಅವಳು ಬರಲಿಲ್ಲ.